ಇಂಗ್ಲೆಂಡಿನಲ್ಲಿ ಫಿಟ್ಸ್ ಇರುವ ಮಗನಿಗೆ ಡಿಎಲ್‌ಎ (ಅಂಗವೈಕಲ್ಯ ಅಥವಾ ಕಾಯಿಲೆಯಿಂದ ಹೆಚ್ಚಿನ ಆರೈಕೆ ಬೇಕಾದ ಮಕ್ಕಳಿಗೆ ಸರ್ಕಾರ ಕೊಡುವ) ಭತ್ಯೆ ಕೊಡಲ್ಲ ಅಂದಿದ್ದಾರೆ. ನರರೋಗ ತಜ್ಞರಿಂದ ಗಟ್ಟಿಯಾದ ಪತ್ರ ತಂದು ಹೊಸದಾಗಿ ಅರ್ಜಿ ಹಾಕಲೇ?

ಹೊಸ ಅರ್ಜಿ ಬೇಡ. ಡಾಕ್ಟರ್ ಪತ್ರಕ್ಕೆ ಕಾಯುವುದೂ ಬೇಡ. ‘ಇಷ್ಟು ಫಿಟ್ಸ್ ಬಂದರೂ ಕೊಡಲಿಲ್ಲವಲ್ಲ’ ಅಂತ ಬರೆದಿದ್ದೀರಿ. ನಾನೂ ಕೆಲವು ದಿನ ಇದೇ ಮಾತು ಆಡಿಕೊಂಡು, ಭತ್ಯೆ ಕೊಡುವ ಇಲಾಖೆಯನ್ನು ಬೈಯುತ್ತಾ ಓಡಾಡಿದ್ದೆ. ಎಡವಟ್ಟು ಮಾಡಿದ್ದು ನಾನೇ ಅಂತ ಗೊತ್ತಾಗಿದ್ದು ಆಮೇಲೆ.

ನಾವಿರುವುದು ರೆಡಿಂಗ್‌ನಲ್ಲಿ. ಮಗಳಿಗೆ ಆಗ ಏಳು ವರ್ಷ. ಅವಳಿಗೆ ದೊಡ್ಡ ಫಿಟ್ಸ್ ಬರುವುದು ಹೆಚ್ಚಾಗಿ ನಿದ್ದೆಯಲ್ಲಿ. ಹಗಲು ಹೊತ್ತು ಊಟ ಮಾಡುತ್ತಾ ಮಾಡುತ್ತಾ, ತುತ್ತು ಕೈಯಲ್ಲೇ ಇರುವಾಗ, ಹತ್ತು ಸೆಕೆಂಡು ಎಲ್ಲೋ ನೋಡುತ್ತಾ ನಿಂತುಬಿಡುತ್ತಾಳೆ. ಡಿಎಲ್‌ಎ ಫಾರ್ಮ್ ಬಂತು, ಸುಮಾರು ನಲವತ್ತು ಪುಟ. ವೀಸಾ, ತೆರಿಗೆ, ಸ್ಕೂಲು, ನಮ್ಮ ಮನೆಯಲ್ಲಿ ಯಾವ ಫಾರ್ಮ್ ಇದ್ದರೂ ತುಂಬುವವನು ನಾನು. ಒಂದು ಭಾನುವಾರ ಮಧ್ಯಾಹ್ನ ಕೂತು ಎರಡೂವರೆ ಗಂಟೆಯಲ್ಲಿ ಮುಗಿಸಿದೆ. ಹೆಂಡತಿ ಅಡುಗೆಮನೆಯಿಂದಲೇ ‘ನನ್ನನ್ನ ಏನಾದ್ರೂ ಕೇಳಬೇಕಾ?’ ಅಂದಳು. ‘ಬೇಡ, ಮುಗೀತು’ ಅಂದೆ.

ಆ ಫಾರ್ಮಿನಲ್ಲಿ ರಾತ್ರಿಯ ಬಗ್ಗೆ ಬೇರೆಯೇ ಪ್ರಶ್ನೆ ಇದೆ. ಮಗುವಿಗಾಗಿ ಯಾರಾದರೂ ಏಳಬೇಕಾ, ಎಷ್ಟು ಸಲ, ಎಷ್ಟು ಹೊತ್ತು ಅಂತ. ನಾನು ಬರೆದಿದ್ದು ಇಷ್ಟೇ: ‘ತಾಯಿಯ ಜೊತೆ ಮಲಗುತ್ತಾಳೆ. ತೊಂದರೆ ಇಲ್ಲ.’

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಬರೆದಿರುತ್ತೀರಿ ಅಂತ ನನ್ನ ಅನುಮಾನ. ನಮ್ಮ ಮನೆಗಳಲ್ಲಿ ಏಳೆಂಟು ವರ್ಷದ ಮಗು ಅಮ್ಮನ ಪಕ್ಕದಲ್ಲಿ ಮಲಗುವುದು ಒಂದು ವಿಷಯವೇ ಅಲ್ಲ. ಅದನ್ನು ಆರೈಕೆ ಅಂತ ಯಾರು ಲೆಕ್ಕ ಇಡುತ್ತಾರೆ? ಆದರೆ ಇಲ್ಲಿ ಆ ಫಾರ್ಮ್ ಓದುವವರ ಮಕ್ಕಳು ಬೇರೆ ಕೋಣೆಯಲ್ಲಿ ಮಲಗಿ ಬೆಳೆದವರು. ನನ್ನ ಸಾಲಿನಿಂದ ಅವರಿಗೆ ತಿಳಿದಿದ್ದು, ರಾತ್ರಿ ಏನೂ ಇಲ್ಲ ಅನ್ನುವುದೊಂದೇ. ಇನ್ನು ಆ ‘ತೊಂದರೆ ಇಲ್ಲ’. ಅದು ನಮ್ಮ ಬಾಯಿಗೆ ಅಂಟಿದ ಮಾತು. ಯಾರು ಹೇಗಿದ್ದೀರಿ ಅಂದರೂ ಅದೇ ಉತ್ತರ. ಸಾಲದ್ದಕ್ಕೆ ಊರಿಂದ ಅತ್ತೆಯ ಫೋನು: ‘ಹೆಣ್ಣು ಮಗು, ಫಿಟ್ಸ್ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಬೇಡಿ.’ (ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಗೊಂಚಲು ಕೊಡಿ ಅಂತಲೂ ಹೇಳಿದ್ದರು. ಅದು ಬೇರೆ ಕಥೆ. ದಯವಿಟ್ಟು ಕೊಡಬೇಡಿ.) ಮುಚ್ಚಿಟ್ಟು ಮುಚ್ಚಿಟ್ಟು ಅಭ್ಯಾಸವಾದವನು ಸರ್ಕಾರಿ ಫಾರ್ಮಿನಲ್ಲಿ ಬಿಚ್ಚಿ ಬರೆಯುತ್ತೇನಾ?

ಆದರೆ ಇವೆಲ್ಲ ಅರ್ಧ ನೆಪ. ಅಸಲು ವಿಷಯ ಏನೆಂದರೆ, ಬೆಳಿಗ್ಗೆ ಬೇಗ ಮೀಟಿಂಗ್ ಇರುತ್ತೆ ಅಂತ ನಾನು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೆ. ರಾತ್ರಿ ಆ ಕೋಣೆಯಲ್ಲಿ ಏನಾಗುತ್ತೆ ಅಂತ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ನಿರಾಕರಣೆ ಪತ್ರ ಬಂತು. ನಿಮ್ಮ ಮಗುವಿಗೆ ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಹೆಚ್ಚಿನ ಆರೈಕೆ ಬೇಕು ಅಂತ ಕಾಣುವುದಿಲ್ಲ, ರಾತ್ರಿ ಸಹಾಯ ಬೇಕಿಲ್ಲ ಅಂತ ನೀವೇ ಹೇಳಿದ್ದೀರಿ. ಅದರ ಜೊತೆ ಆಸ್ಪತ್ರೆಯ ಪತ್ರದ ಒಂದು ಸಾಲು: ‘ಔಷಧಿಯಿಂದ ಫಿಟ್ಸ್ ತಕ್ಕಮಟ್ಟಿಗೆ ನಿಯಂತ್ರಣದಲ್ಲಿದೆ, ಮಗು ಚೆನ್ನಾಗಿ ಬೆಳೆಯುತ್ತಿದೆ.’ ನೀವು ಕೇಳುತ್ತಿರುವ ಗಟ್ಟಿ ಪತ್ರ ಇದೇ ನೋಡಿ! ಡಾಕ್ಟರ್ ಒಳ್ಳೆಯವರೇ. ಆದರೆ ಅವರು ಆರು ತಿಂಗಳಿಗೊಮ್ಮೆ ಕಾಲು ಗಂಟೆ ಮಗುವನ್ನು ನೋಡುತ್ತಾರೆ, ಔಷಧಿ ಕೆಲಸ ಮಾಡುತ್ತಿದೆಯಾ ಅಂತ ಬರೆಯುತ್ತಾರೆ. ಡಿಎಲ್‌ಎ ಕೇಳುವುದು ಕಾಯಿಲೆ ಎಷ್ಟು ದೊಡ್ಡದು ಅಂತ ಅಲ್ಲ. ಆ ಕಾಯಿಲೆಯಿಂದಾಗಿ ಇನ್ನೊಬ್ಬರು ಏನೇನು ಮಾಡಬೇಕಾಗುತ್ತದೆ ಅಂತ. ಡಾಕ್ಟರ್‌ಗೆ ಅದು ಗೊತ್ತಿರುವುದಿಲ್ಲ.

ಪತ್ರ ಬಂದ ದಿನ ಹೆಂಡತಿ ಫಾರ್ಮಿನ ನಕಲು ಕೇಳಿದಳು. ನಿಂತುಕೊಂಡೇ ಓದಿದಳು. ರಾತ್ರಿಯ ಪುಟಕ್ಕೆ ಬಂದಾಗ ‘ಇದನ್ನ ಯಾರು ಬರೆದಿದ್ದು?’ ಅಂದಳು. ಬೇರೆ ಏನೂ ಹೇಳಲಿಲ್ಲ. ಅವತ್ತು ರಾತ್ರಿಯಿಂದ ಊರಿಂದ ತಂದ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆಯಲು ಶುರು ಮಾಡಿದಳು. ‘1.40 ಎದ್ದೆ, ಉಸಿರು ಸರಿ. 3.10 ಫಿಟ್ಸ್, ಎರಡು ನಿಮಿಷ. ಉಚ್ಚೆ ಹೊಯ್ದಿದ್ದಳು, ಹಾಸಿಗೆ ಬದಲಿಸಿದೆ. 4.30ರ ತನಕ ಪಕ್ಕದಲ್ಲಿ ಕೂತಿದ್ದೆ.’ ಎರಡು ವಾರದ್ದನ್ನು ನಾನು ಇಂಗ್ಲಿಷಿಗೆ ಮಾಡಿದೆ. ಮಾಡುವಾಗ ಏನನಿಸಿತು ಅಂತ ಬೇಡ ಬಿಡಿ.

ರಾತ್ರಿಗೆ ಇಲ್ಲಿ ಒಂದು ಲೆಕ್ಕ ಇದೆ. ಎದ್ದು ಮಗುವಿಗೆ ಏನಾದರೂ ಮಾಡುವುದಾದರೆ ಎರಡು ಸಲವಾದರೂ ಆಗಬೇಕು, ಇಲ್ಲವೇ ಒಂದೇ ಸಲ ಸುಮಾರು 20 ನಿಮಿಷ. ಅಪಾಯವಾಗದಂತೆ ಎಚ್ಚರವಿದ್ದು ಕಾಯುವುದಾದರೆ 20 ನಿಮಿಷ, ಇಲ್ಲವೇ ಮೂರು ಸಲ. ನಮ್ಮ ಮನೆಯಲ್ಲಿ ಇದು ವರ್ಷಗಟ್ಟಲೆ ನಡೆಯುತ್ತಿತ್ತು. ಬರೆದಿರಲಿಲ್ಲ, ಅಷ್ಟೇ.

ನಿರ್ಧಾರದ ಪತ್ರದ ತಾರೀಖಿನಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು. ನಾವು ಕೇಳಿದೆವು, ಅದರಲ್ಲೂ ಇಲ್ಲ ಅಂದರು. ಆಮೇಲೆ ಇನ್ನೊಂದು ತಿಂಗಳೊಳಗೆ ಇಲಾಖೆಗೆ ಸೇರದ ನ್ಯಾಯಮಂಡಳಿ, ಅಂದರೆ ಟ್ರಿಬ್ಯುನಲ್‌ಗೆ ಮೇಲ್ಮನವಿ. ತುಂಬಾ ಜನ ಮೊದಲನೇ ‘ಇಲ್ಲ’ಕ್ಕೇ ಸುಮ್ಮನಾಗುತ್ತಾರೆ, ನನ್ನ ಪ್ರಕಾರ ಅಸಲು ಜಾಗ ಟ್ರಿಬ್ಯುನಲ್ಲೇ. ಅಲ್ಲಿ ಮೂವರಿರುತ್ತಾರೆ: ಒಬ್ಬರು ಜಡ್ಜ್, ಒಬ್ಬರು ಡಾಕ್ಟರ್, ಇನ್ನೊಬ್ಬರು ಅಂಗವೈಕಲ್ಯದ ಬಗ್ಗೆ ತಿಳಿದವರು. ದೊಡ್ಡ ಕೋರ್ಟಿನ ಥರ ಅಲ್ಲ, ಒಂದು ಟೇಬಲ್ ಸುತ್ತ ಕೂರುವುದು. ನಾನು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆ: ‘ಫಿಟ್ಸ್ ಬಾರದ ರಾತ್ರಿ ಏನು ಮಾಡುತ್ತೀರಿ?’ ನಾನು ಬಾಯಿ ತೆಗೆದೆ. ಜಡ್ಜ್ ಕೈ ತೋರಿಸಿ, ತಾಯಿಯೇ ಹೇಳಲಿ ಅಂದರು.

ಇವಳ ಇಂಗ್ಲಿಷ್ ಅಷ್ಟಕ್ಕಷ್ಟೇ. (ಕೇಳಿದ್ದರೆ ದುಭಾಷಿಯನ್ನು ಪುಕ್ಕಟೆ ಕೊಡುತ್ತಿದ್ದರು. ನೀವು ಕೇಳಿ.) ಆದರೂ ಹೇಳಿದಳು. ಮೂರು ನಾಲ್ಕು ಸಲ ಏಳುತ್ತೇನೆ, ಮೊಬೈಲ್ ಬೆಳಕಿನಲ್ಲಿ ತುಟಿಯ ಬಣ್ಣ ನೋಡುತ್ತೇನೆ, ಬೋರಲಾಗಿ ಮಲಗಿದ್ದರೆ ಮಗ್ಗುಲಿಗೆ ತಿರುಗಿಸುತ್ತೇನೆ, ಹಾಸಿಗೆ ಕೆಳಗಿನ ಫಿಟ್ಸ್ ಅಲಾರಂ ಸುಮ್ಸುಮ್ನೆ ಹೊಡೆಯುತ್ತೆ, ನಂಬುವ ಹಾಗಿಲ್ಲ. ಆಗ ಜಡ್ಜ್ ನನ್ನ ಕಡೆ ತಿರುಗಿ, ಮತ್ತೆ ಫಾರ್ಮಿನಲ್ಲಿ ತೊಂದರೆ ಇಲ್ಲ ಅಂತ ಯಾಕೆ ಬರೆದಿರಿ ಅಂದರು. ‘ನಾನು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೆ’ ಅಂದೆ. ಅದನ್ನವರು ಬರೆದುಕೊಂಡರು.

ಭತ್ಯೆಯ ಎರಡು ಭಾಗದಲ್ಲಿ ಆರೈಕೆಗೆ ಮಧ್ಯಮ ದರ, ಓಡಾಟಕ್ಕೆ ಕೆಳಗಿನ ದರ ಸಿಕ್ಕಿತು. 2024-25ರ ಲೆಕ್ಕದಲ್ಲಿ ವಾರಕ್ಕೆ 72.65 ಮತ್ತು 28.70 ಪೌಂಡ್. ಅರ್ಜಿ ಹಾಕಿದ ದಿನದಿಂದಲೇ ಬಾಕಿ ಬಂತು. ಹೊಸ ಅರ್ಜಿ ಬೇಡ ಅಂದಿದ್ದು ಇದಕ್ಕೇ. ಹೊಸದು ಹಾಕಿದರೆ ಹಿಂದಿನದ್ದೆಲ್ಲ ಹೋಯಿತು. ಆದರೆ ಇದೆಲ್ಲ ಸಿಗಲು 14 ತಿಂಗಳು ಬೇಕಾಯಿತು. ಜೊತೆಗೆ, ಇಲಾಖೆ ನಿರ್ಧಾರ ಮಾಡಿದ ದಿನ ಪರಿಸ್ಥಿತಿ ಹೇಗಿತ್ತು ಅನ್ನುವುದನ್ನಷ್ಟೇ ಟ್ರಿಬ್ಯುನಲ್ ನೋಡುತ್ತದೆ. ನಮ್ಮ ಕ್ಯಾಲೆಂಡರ್ ಹಾಳೆಗಳೆಲ್ಲ ಅದರ ನಂತರದವು. ಹಿಂದೆಯೂ ಹೀಗೇ ಇತ್ತು ಅಂತ ಒಪ್ಪಿಸಲು ಒದ್ದಾಡಬೇಕಾಯಿತು.

ಹಾಗಾಗಿ ಮರುಪರಿಶೀಲನೆಯ ಪತ್ರವನ್ನು ಈ ವಾರವೇ ಕಳಿಸಿ. ಉಳಿದ ದಾಖಲೆ ಆಮೇಲೆ ಕೊಡುತ್ತೇನೆ ಅಂತ ಅದರಲ್ಲೇ ಬರೆಯಿರಿ. ಪತ್ರ ಬೇಕೇ ಬೇಕು ಅಂದರೆ ಎಪಿಲೆಪ್ಸಿ (ಫಿಟ್ಸ್ ಕಾಯಿಲೆ) ನರ್ಸ್ ಹತ್ತಿರ ಕೇಳಿ, ಮನೆಯಿಂದ ಫೋನ್ ಮಾಡಿದಾಗೆಲ್ಲ ಎತ್ತುವವರು ಅವರು. ಸ್ಕೂಲಿನವರ ಹತ್ತಿರವೂ ಕೇಳಿ. ನಮ್ಮ ಮಗಳಿಗೆ ಈಜಿನ ದಿನ ಒಬ್ಬರು ನೀರಿನಲ್ಲೇ ಪಕ್ಕದಲ್ಲಿರಬೇಕಿತ್ತು. ಟೀಚರ್ ಅದನ್ನು ಒಂದೇ ಪ್ಯಾರಾದಲ್ಲಿ ಬರೆದುಕೊಟ್ಟರು, ಅದು ಆಸ್ಪತ್ರೆಯ ಮೂರು ಪುಟಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ಸಲಹೆ ಕೊಡುವ ಸೇವಾ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನವರು ಪುಕ್ಕಟೆಯಾಗಿ ನೋಡಿಕೊಡುತ್ತಾರೆ. ಒಂದು ಎಚ್ಚರಿಕೆ: ನೀವಿನ್ನೂ ಕೆಲಸದ ವೀಸಾದಲ್ಲೇ ಇದ್ದರೆ, ಸಾರ್ವಜನಿಕ ನಿಧಿ ಇಲ್ಲ (ಅಂದರೆ ಸರ್ಕಾರಿ ಭತ್ಯೆ ಪಡೆಯುವಂತಿಲ್ಲ) ಅನ್ನುವ ಷರತ್ತು ಅದರಲ್ಲಿದೆಯಾ ನೋಡಿ. ಡಿಎಲ್‌ಎ ಆ ಪಟ್ಟಿಯಲ್ಲಿ ಬರುತ್ತದೆ. ಷರತ್ತು ಇದ್ದರೆ ಮುಂದಿನ ಹೆಜ್ಜೆ ಇಡುವ ಮೊದಲು ವೀಸಾ ಸಲಹೆಗಾರರನ್ನು ಕಾಣಿ.

ನೀವು ತುಂಬಿದ ಫಾರ್ಮಿನ ನಕಲು ಇದೆಯಾ? ಇಲ್ಲದಿದ್ದರೆ ಇಲಾಖೆಗೆ ಫೋನ್ ಮಾಡಿ ತರಿಸಿಕೊಳ್ಳಿ. ರಾತ್ರಿಯ ಪುಟ ತೆಗೆದು, ಮಗನ ಪಕ್ಕದಲ್ಲಿ ಯಾರು ಮಲಗುತ್ತಾರೋ ಅವರ ಕೈಗೆ ಕೊಡಿ. ಪೆನ್ನನ್ನೂ ಕೊಡಿ.