ಮರದ ಬಟ್ಟಲಿನ ಅಂಚಿಗೆ ಹಿತ್ತಾಳೆ ಉಂಗುರವೋ, ಕಲ್ಲಿನ ಪುಡಿಯೋ?

ನೀವೇ ಲೇತ್‌ನಲ್ಲಿ ಕಡೆದ ಬಟ್ಟಲಿನ ಅಂಚಿನ ಸುತ್ತ ಹಿತ್ತಾಳೆ ಪಟ್ಟಿ ಕೂರಿಸಬೇಕು, ಆಮೇಲೆ ಅದು ಎದ್ದು ಬರಬಾರದು, ಹೇಗೆ ಅಂತ ಕೇಳಿದ್ದೀರಿ. ನಾನಾದರೆ ಮೊದಲ ಬಟ್ಟಲಿಗೆ ಗಟ್ಟಿ ಉಂಗುರ ಹಾಕುವುದಿಲ್ಲ. ಗ್ರೂವ್ (ಸಣ್ಣ ಗಾಡಿ, ಅಂದರೆ ತೋಡಿದ ಗೆರೆ) ಹೊಡೆದು ಹಿತ್ತಾಳೆ ಪುಡಿಯನ್ನೋ ಕಲ್ಲಿನ ಪುಡಿಯನ್ನೋ ಅಂಟಿನ ಜೊತೆ ತುಂಬುತ್ತೇನೆ.

ಕಾರಣ ಮರದ ಸ್ವಭಾವ. ಮರ ಒಣಗುವಾಗ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಅದಕ್ಕೇ ದುಂಡಗೆ ಕಡೆದ ಹಸಿ ಬಟ್ಟಲು ಒಣಗುತ್ತಾ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಒಣಗಿದ ಮೇಲೂ ಗಾಳಿಯ ತೇವ ಏರಿಳಿದ ಹಾಗೆ ಅದು ಒಂಚೂರು ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ. ಹಿತ್ತಾಳೆ ಉಂಗುರ ಮಾತ್ರ ಹಾಗೇ ದುಂಡಗೆ ನಿಂತಿರುತ್ತದೆ. ಇಬ್ಬರ ಜಗಳದಲ್ಲಿ ಒಂದೋ ಅಂಟು ಬಿಡುತ್ತದೆ, ಇಲ್ಲವೇ ಮರ ಸೀಳುತ್ತದೆ. ಪುಡಿ ಮತ್ತು ಎಪಾಕ್ಸಿಯ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಮಿಶ್ರಣ ಗಟ್ಟಿ ಲೋಹಕ್ಕಿಂತ ಸ್ವಲ್ಪ ಬಗ್ಗಿಕೊಡುತ್ತದೆ.

ಹಾಗಂತ ಹಸಿ ಮರದಲ್ಲಿ ಪುಡಿಯೂ ನಿಲ್ಲದು. ಬಟ್ಟಲಿನ ಅಗಲದ ಹತ್ತನೇ ಒಂದು ಭಾಗದಷ್ಟು ದಪ್ಪ ಬಿಟ್ಟು ಒರಟಾಗಿ ಕಡೆದು ಎತ್ತಿಡಿ. ಆಗಾಗ ತೂಕ ನೋಡಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಲೇತ್‌ಗೆ ಏರಿಸಿ. ಇದಕ್ಕೆ ತಿಂಗಳುಗಳೇ ಬೇಕು. ದಯವಿಟ್ಟು ಅವಸರ ಮಾಡಬೇಡಿ, ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಗ್ರೂವ್ ಅನ್ನು ಹೊರಮೈಗೆ ಹೊಡೆಯಿರಿ, ಅದೂ ಒಳಗಡೆ ಪೂರ್ತಿ ತೋಡಿ ತೆಳ್ಳಗೆ ಮಾಡುವ ಮೊದಲೇ. ಗೋಡೆ ದಪ್ಪ ಇದ್ದರೆ ಉಳಿ ಅದುರುವುದಿಲ್ಲ. 3 ಮಿ.ಮೀ. ಅಗಲ, 2 ಮಿ.ಮೀ. ಆಳ ಸಾಕು. ಪಕ್ಕಗಳು ನೆಟ್ಟಗಿರಲಿ, ತಳ ಸಮವಾಗಿರಲಿ. ಒಂದು ಸುತ್ತಿನಲ್ಲಿ ಎರಡು ಕಡೆ ಎಳೆಯ ತುದಿಗಳು ಹೊರಕ್ಕೆ ಮುಖ ಮಾಡಿರುತ್ತವೆ. ಅಲ್ಲಿ ಬೆರಳಾಡಿಸಿ ನೋಡಿ, ಒರಟಾಗಿ ತಗಲುತ್ತದೆ. ಎಳೆ ಕಿತ್ತು ಬರುವುದೂ ಅಲ್ಲೇ, ಅಂಟು ಒಳಗಿಳಿದು ಕಪ್ಪಾಗಿ ಹರಡುವುದೂ ಅಲ್ಲೇ. ಉಳಿ ಚೆನ್ನಾಗಿ ಮಸೆದಿರಲಿ, ಸಣ್ಣ ಸಣ್ಣದಾಗಿ ತೆಗೆಯಿರಿ. ಆಮೇಲೆ ಗ್ರೂವ್‌ಗೂ ಅದರ ಅಕ್ಕಪಕ್ಕಕ್ಕೂ ಎರಡು ಕೋಟ್ ಶೆಲ್ಯಾಕ್ (ಅರಗಿನ ವಾರ್ನಿಶ್) ಬಳಿದು ಒಣಗಿಸಿ. ಇದೊಂದು ಕೆಲಸದಿಂದ ಗೆರೆಯ ಅಂಚು ಎಷ್ಟು ಚೊಕ್ಕವಾಗಿ ಬರುತ್ತದೆ ಅಂದರೆ, ಬಿಡಲು ಮನಸ್ಸೇ ಬರುವುದಿಲ್ಲ.

ಕಲ್ಲು ಹಾಕುವುದಾದರೆ ಮೆದು ಕಲ್ಲು ಆರಿಸಿ. ಮ್ಯಾಲಕೈಟ್ ಅನ್ನುವ ಹಸಿರು ಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ (ಕಲ್ಲುಗಳ ಗಡಸುತನಕ್ಕೆ 1ರಿಂದ 10ರವರೆಗಿನ ಅಳತೆ) 4ರ ಆಸುಪಾಸು, ಅದು ಸುಲಭವಾಗಿ ಉಜ್ಜಿಸಿಕೊಳ್ಳುತ್ತದೆ. ಸ್ಫಟಿಕ ಶಿಲೆಯದು 7, ಅದು ಉಳಿಯ ಬಾಯನ್ನೇ ಕೆಡಿಸುತ್ತದೆ. ಮೊದಲು ದಪ್ಪ ಚೂರು, ಸಂದುಗಳಿಗೆ ಸಣ್ಣ ಪುಡಿ. ಸೂಪರ್ ಗ್ಲೂ ಬೇಗ ಆಗುತ್ತದೆ ನಿಜ, ಆದರೆ ಅಗಲದ ಗೆರೆಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಒಳ್ಳೆಯದು. ಗುಳ್ಳೆಗಳು ಮೇಲೆದ್ದು ಒಡೆಯಲು ಅದಕ್ಕೆ ಸಮಯ ಸಿಗುತ್ತದೆ. ಎಪಾಕ್ಸಿ ಕೆಳಗೆ ಇಳಿಯದ ಹಾಗೆ ಬಟ್ಟಲನ್ನು ಅಡ್ಡ ಮಲಗಿಸಿ, ಮೇಲಿರುವ ಭಾಗವನ್ನಷ್ಟೇ ತುಂಬಿ. ಅದು ಹಿಡಿದ ಮೇಲೆ ಬಟ್ಟಲು ತಿರುಗಿಸಿ ಮುಂದಿನ ಭಾಗ. ಮೇಲ್ಮೈಗಿಂತ ಕೂದಲೆಳೆಯಷ್ಟು ಜಾಸ್ತಿಯೇ ಇರಲಿ.

ಒಂದು ದಿನ ಬಿಟ್ಟು ಉಜ್ಜಿ. ತಿಳಿ ಬಣ್ಣದ ಮರದಲ್ಲಿ ಹಿತ್ತಾಳೆ ಇದ್ದರೆ ಇಲ್ಲಿ ಹುಷಾರು. ಲೋಹದ ಪುಡಿ ಮರದ ಸಣ್ಣ ರಂಧ್ರಗಳಿಗೆ ಸೇರಿ ಬೂದು ಬಣ್ಣದ ಮಬ್ಬು ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಒಳಗೆ ಹೋಗುತ್ತದೆ. ಉಬ್ಬಿದ್ದನ್ನು ಮೊದಲು ಹೆರೆದು ತೆಗೆಯಿರಿ, ಆಮೇಲೆ 120ನೇ ನಂಬರಿನ ಒರಟು ಸ್ಯಾಂಡ್ ಪೇಪರ್‌ನಿಂದ ಶುರುಮಾಡಿ 400ರ ನುಣುಪಿನದರವರೆಗೆ ಉಜ್ಜಿ, ನಡುನಡುವೆ ಗಾಳಿ ಊದಿ ಪುಡಿ ಹಾರಿಸಿ. ಒಂದೇ ಕಡೆ ಒತ್ತಿ ಉಜ್ಜಬೇಡಿ, ಬಿಸಿಯಾದರೆ ಎಪಾಕ್ಸಿ ಮೆತ್ತಗಾಗಿ ಚೂರುಗಳು ಕಿತ್ತು ಬರುತ್ತವೆ. ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ. ಮ್ಯಾಲಕೈಟ್‌ನಲ್ಲಿ ತಾಮ್ರ ಇದೆ, ಅದರ ದೂಳು ಒಳಗೆ ಹೋಗುವುದು ಒಳ್ಳೆಯದಲ್ಲ.

ಅದೇ ಕಾರಣಕ್ಕೆ, ಊಟ ತಿಂಡಿಗೆ ಬಳಸುವ ಬಟ್ಟಲಾದರೆ ಈ ಪುಡಿಯ ಕುಸುರಿ ಹೊರಮೈಗಷ್ಟೇ ಇರಲಿ, ಒಳಗೆ ಬರೀ ಮರ. ಬಿಸಿ ಪದಾರ್ಥ ಹಾಕುವ ಬಟ್ಟಲಿಗಂತೂ ಎಪಾಕ್ಸಿ ಕುಸುರಿ ಬೇಡವೇ ಬೇಡ.