ಅರಿವಳಿಕೆ ಕೊಟ್ಟ ತಕ್ಷಣ ಬಿಪಿ ಯಾಕೆ ಇಳಿಯುತ್ತದೆ?

ಅಪ್ಪನಿಗೆ ಪ್ರೊಪೊಫಾಲ್ (ಆಪರೇಷನ್‌ಗೆ ನಿದ್ದೆ ಬರಿಸುವ ಇಂಜೆಕ್ಷನ್) ಕೊಟ್ಟ ಎರಡೇ ನಿಮಿಷಕ್ಕೆ ಬಿಪಿ 90ಕ್ಕೆ ಇಳಿಯಿತಂತೆ, ಹೃದಯಕ್ಕೇನಾದರೂ ಆಗಿತ್ತಾ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಅರಿವಳಿಕೆ ಡಾಕ್ಟರ್. ಇದು ದಿನಾ ನೋಡುವ ಸಂಗತಿ. ಹೃದಯಕ್ಕಿಂತ ಜಾಸ್ತಿ ಇದು ರಕ್ತನಾಳಗಳ ಕಥೆ.

ರಕ್ತನಾಳದ ಗೋಡೆಯಲ್ಲಿ ಸ್ನಾಯು ಇರುತ್ತದೆ. ನರಗಳು ಅದನ್ನು ಹಗಲೂ ರಾತ್ರಿ ಸ್ವಲ್ಪ ಬಿಗಿಯಾಗಿ ಇಟ್ಟಿರುತ್ತವೆ. ಪ್ರೊಪೊಫಾಲ್ ಆ ನರಗಳ ಅಬ್ಬರ ತಗ್ಗಿಸುತ್ತದೆ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನೂ ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ ಸಾಲದಿದ್ದರೆ ಸ್ನಾಯು ಬಿಗಿಯುವುದಿಲ್ಲ, ನಾಳ ಸಡಿಲಾಗುತ್ತದೆ.

ನಮ್ಮ ಓಣಿಗೆ ನೀರು ಬಿಟ್ಟ ದಿನ ನೆನಪಿಸಿಕೊಳ್ಳಿ. ಎಲ್ಲ ಮನೆಯವರೂ ಒಮ್ಮೆಲೇ ನಳ ತಿರುಗಿಸಿದರೆ ನೀರು ಬರುತ್ತದೆ, ಫೋರ್ಸ್ ಇರುವುದಿಲ್ಲ. ಹಾಗೇ ಇದು. ಜೊತೆಗೆ ಕಾಲು, ಹೊಟ್ಟೆಯ ಸಿರೆಗಳು ಅಗಲವಾಗಿ, ಸಂಪಿನಲ್ಲಿ ನೀರು ನಿಂತ ಹಾಗೆ ರಕ್ತ ಅಲ್ಲೇ ನಿಲ್ಲುತ್ತದೆ. ಹೃದಯಕ್ಕೆ ವಾಪಸ್ ಬರುವುದೇ ಕಡಿಮೆ. ಬೇರೆ ಹೊತ್ತಲ್ಲಾದರೆ ಬಿಪಿ ಇಳಿದಾಗ ಹೃದಯ ಜೋರಾಗಿ ಬಡಿದು ಸರಿದೂಗಿಸುತ್ತದೆ, ಅಲ್ವಾ? ಈ ಔಷಧ ಆ ಎಚ್ಚರವನ್ನೂ ಮಂಕು ಮಾಡುತ್ತದೆ.

ಕಲಿಯುವ ಕಾಲದಲ್ಲಿ ನನಗೇ ಆದದ್ದು ಹೇಳುತ್ತೇನೆ. ನವಲಗುಂದ ಕಡೆಯ ಅಜ್ಜ, ಎಪ್ಪತ್ತು ದಾಟಿದವರು, ರಾತ್ರಿಯಿಂದ ಉಪವಾಸ. ಹಾಲಿನಂಥ ಬಿಳಿ ಪ್ರೊಪೊಫಾಲನ್ನು (ಸೋಯಾ ಎಣ್ಣೆ ಬೆರೆತಿರುತ್ತದೆ, ಅದಕ್ಕೇ ಆ ಬಣ್ಣ) ನಾನು ಸರ್ರನೆ ತಳ್ಳಿಬಿಟ್ಟೆ. ‘ಕೈ ಉರೀತೈತ್ರೀ’ ಅಂದರು, ಅಷ್ಟರಲ್ಲೇ ಕಣ್ಣು ಮುಚ್ಚಿದರು. ತೋಳಿನ ಪಟ್ಟಿ ಗುಂಯ್ ಅಂತ ಉಬ್ಬಿ ಇಳಿಯಿತು. 152 ಇದ್ದದ್ದು 78. ನಾಡಿ ಮಾತ್ರ ಏನೂ ಆಗಿಲ್ಲವೆಂಬಂತೆ 70ರಲ್ಲೇ ಇತ್ತು. ನನಗೆ ಬೆವರು. ಸೀನಿಯರ್ ಬೈಯಲಿಲ್ಲ. ಕಾಲು ಎತ್ತಿಸಿದರು, ಸಲೈನ್ ಜೋರು ಬಿಟ್ಟರು, ನಾಳ ಮತ್ತೆ ಬಿಗಿಯಾಗಲಿ ಅಂತ ಮೆಫೆಂಟರ್ಮಿನ್ 6 ಮಿಲಿಗ್ರಾಂ ಕೊಟ್ಟರು. ನಾಲ್ಕೈದು ನಿಮಿಷಕ್ಕೆ 118ಕ್ಕೆ ಬಂತು.

ಆಮೇಲೆ ಗೊತ್ತಾಯಿತು, ಅಜ್ಜ ಬೆಳಿಗ್ಗೆ ಟೆಲ್ಮಿಸಾರ್ಟನ್ ನುಂಗಿ ಬಂದಿದ್ದರು. ಅದೂ ನಾಳ ಸಡಿಲಿಸುವ ಬಿಪಿ ಮಾತ್ರೆಯೇ. ತಪ್ಪು ಅವರದ್ದಲ್ಲ, ನಾನು ಕೇಳಿರಲಿಲ್ಲ.

ಹರೆಯದವರಿಗೆ ತೂಕದ ಕಿಲೋಗೆ 2ರಿಂದ 2.5 ಮಿಲಿಗ್ರಾಂ ಪ್ರೊಪೊಫಾಲ್ ಬೇಕಾಗುತ್ತದೆ. ವಯಸ್ಸಾದವರಿಗೆ 1ರಿಂದ 1.5 ಸಾಕು, ಅದೂ ನಿಧಾನವಾಗಿ. ನಿಮ್ಮ ತಂದೆಗೆ ಮುಂದೆ ಆಪರೇಷನ್ ಇದ್ದರೆ, ಹೋದ ಸಲ ಹೀಗಾಗಿತ್ತು ಅಂತ ಮೊದಲೇ ಹೇಳಿ. ಬಿಪಿ ಮಾತ್ರೆ ಸುಮ್ನೆ ನೀವೇ ನಿಲ್ಲಿಸಬೇಡಿ. ಮಾತ್ರೆಗಳ ಡಬ್ಬಿಯನ್ನೇ ತಂದು ತೋರಿಸಿ, ಆ ದಿನ ಯಾವುದು ಬೇಡ ಅಂತ ನಾವೇ ಹೇಳುತ್ತೇವೆ.