ಒಂಬತ್ತನೇ ದಿನದ ದಪ್ಪ ದನಿಗೆ ಗಾಬರಿಯಾದ ತಂಗಿಗೆ

ತಂಗಿ, ನಮ್ಮ ಗುಂಪಲ್ಲಿ ನೀನು ಹಾಕಿದ ಮೆಸೇಜ್ ಪೂರ್ತಿ ಓದಿದೆ. ದನಿಯ ಶ್ರುತಿ ಏರಿಸುವ ವೆಂಡ್ಲರ್ ಗ್ಲಾಟೊಪ್ಲಾಸ್ಟಿ ಆಪರೇಷನ್ ಆಗಿ ಒಂಬತ್ತು ದಿನ. ಹದಿನಾಲ್ಕು ದಿನ ಮಾತು ಪೂರ್ತಿ ಬಂದ್ ಅಂದಿದ್ದಾರೆ. ಪಕ್ಕದ ಸೈಟಿನ ಧೂಳಿಗೆ ಒಮ್ಮೆ ಜೋರು ಕೆಮ್ಮು ಬಂತು, ನಿದ್ದೆಗಣ್ಣಲ್ಲಿ "ಅಮ್ಮಾ" ಅಂದುಬಿಟ್ಟೆ, ಆ ದನಿ ಮೊದಲಿಗಿಂತ ದಪ್ಪಗಿತ್ತು. ಹೊಲಿಗೆ ಬಿಟ್ಟಿತಾ, ಖರ್ಚೆಲ್ಲ ನೀರಲ್ಲಿ ಹೋಮ ಆಯಿತಾ ಅನ್ನೋದು ನಿನ್ನ ಚಿಂತೆ. ಜೊತೆಗೆ ನಾಲಿಗೆಯ ಎಡಗಡೆ ಜೋಮು, ಅಮ್ಮನ ಕಷಾಯದ ಒತ್ತಾಯ, ಕಾಲ್ ಸೆಂಟರ್‌ಗೆ ಯಾವಾಗ ವಾಪಸ್ ಹೋಗೋದು ಅನ್ನೋ ಪ್ರಶ್ನೆ.

ಈ ಹಂತದಲ್ಲಿ ದನಿಗೆ ಹೆದರಬೇಡ, ಉಸಿರಿಗೆ ಹೆದರು. ಉಸಿರು ಒಳಗೆ ಎಳೆಯುವಾಗ ಸೀಟಿಯಂಥ ಅಥವಾ ಗೊರಗೊರ ಸದ್ದು ಬಂದರೆ, ಮಲಗಿದರೆ ಉಸಿರು ಕಟ್ಟಿದರೆ, ಎಂಜಲು ನುಂಗಲೂ ಆಗದಿದ್ದರೆ, ಉಗುಳಿನಲ್ಲಿ ಗೆರೆಯಷ್ಟಲ್ಲದೆ ಹಸಿ ರಕ್ತ ಬಂದರೆ, ಕತ್ತು ಊದಿದರೆ ಗುಂಪಲ್ಲಿ ಕೇಳುತ್ತಾ ಕೂರಬೇಡ. ಇಎನ್‌ಟಿ ವಿಭಾಗ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ನೇರ ಹೋಗು, ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ ಅವತ್ತೇ ಸರ್ಜನ್‌ಗೆ ತಿಳಿಸು. ಮಾತಾಡದವಳು 108ಕ್ಕೆ ಫೋನ್ ಮಾಡೋದು ಹೇಗೆ ಅನ್ನೋದನ್ನೂ ಈಗಲೇ ಯೋಚಿಸಿಡು. ಮನೆ ಓನರ್‌ಗೋ ಪಕ್ಕದ ಮನೆಯವರಿಗೋ "ನಾನು ಮಿಸ್ಡ್ ಕಾಲ್ ಕೊಟ್ಟರೆ ಮೇಲೆ ಬನ್ನಿ" ಅಂತ ಬರೆದು ತೋರಿಸಿರು. ಯಾರೂ ಸಿಗದಿದ್ದರೆ ಮಾತಾಡಿಬಿಡು. ಜೀವಕ್ಕಿಂತ ಹೊಲಿಗೆ ದೊಡ್ಡದಲ್ಲ.

ಇನ್ನು ಆ ದಪ್ಪ ದನಿ. ಈ ಆಪರೇಷನ್‌ನಲ್ಲಿ ಬಾಯಿಯ ಮೂಲಕವೇ ಹೋಗಿ, ಎರಡು ಧ್ವನಿತಂತುಗಳ ಮುಂಭಾಗದ ಮೇಲ್ಪದರ ತೆಗೆದು ಅಷ್ಟನ್ನು ಸೇರಿಸಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಮುಂದಿನ ಮೂರನೇ ಒಂದು ಭಾಗ, ಕೆಲವರಿಗೆ ಅರ್ಧದ ತನಕ. ವೀಣೆಯ ತಂತಿಯನ್ನು ಮೆಟ್ಟಿನ ಮೇಲೆ ಒತ್ತಿದಾಗ ಮಿಡಿಯುವ ಉದ್ದ ಕಮ್ಮಿಯಾಗಿ ಸ್ವರ ಏರುತ್ತದಲ್ಲ, ಇಲ್ಲೂ ಅದೇ ಲೆಕ್ಕ. ಆದರೆ ಈಗ ಆ ತಂತುಗಳು ಊದಿವೆ. ಊದಿದ ತಂತುವಿನ ತೂಕ ಜಾಸ್ತಿ, ಅದು ನಿಧಾನವಾಗಿ ಕಂಪಿಸುತ್ತದೆ, ದನಿ ತಗ್ಗುತ್ತದೆ, ಒರಟಾಗುತ್ತದೆ, ಗಾಳಿ ಸೋರುತ್ತದೆ. ಮೊದಲ ವಾರಗಳಲ್ಲಿ ಹಳೆಯ ದನಿಗಿಂತ ಕೆಳಗೆ ಕೇಳಿಸುವುದು ಮಾಮೂಲು. ದನಿ ಒಂದು ನೆಲೆಗೆ ಬರಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಫೋನಿನ ಪಿಚ್ ಆ್ಯಪ್ ಡಿಲೀಟ್ ಮಾಡಿಬಿಡು. ದಿನಕ್ಕೆ ಹತ್ತು ಸಲ ಹರ್ಟ್ಸ್ ನೋಡಿ ಅಳುವವರು ನೋಡುವುದಕ್ಕೋಸ್ಕರವೇ ಹತ್ತು ಸಲ ದನಿ ತೆಗೆದಿರುತ್ತಾರೆ, ಹಾನಿ ಮಾಡುವುದು ಅದೇ.

ಕೆಮ್ಮಿನ ವಿಷಯ. ಒಂದು ಕೆಮ್ಮಿಗೆ, ನಿದ್ದೆಯಲ್ಲಿ ಅಂದ ಒಂದು ಮಾತಿಗೆ ಬಿಚ್ಚಿಹೋಗುವ ಹಾಗೆ ಯಾರೂ ಹೊಲಿಯುವುದಿಲ್ಲ. ಹೊಲಿಗೆ ಸಡಿಲವಾಗುವುದು ಹೆಚ್ಚಾಗಿ ಪದೇ ಪದೇ ಬೀಳುವ ಪೆಟ್ಟಿನಿಂದ. ದಿನವಿಡೀ ಗಂಟಲು ಕ್ಯಾಕರಿಸುವುದು, ವಾರಗಟ್ಟಲೆ ನಿಲ್ಲದ ಕೆಮ್ಮು, "ಸ್ವಲ್ಪ ತಾನೇ" ಅಂತ ದಿನಾ ಆಡುವ ಮಾತು, ಇವು. ಬಿಟ್ಟಿದೆಯಾ ಇಲ್ಲವಾ ಅಂತ ಮನೆಯಲ್ಲಿ ಕಿವಿಯಿಂದ ತಿಳಿಯುವುದಿಲ್ಲ, ಸ್ಕೋಪ್ (ಗಂಟಲೊಳಗೆ ನೋಡುವ ಕ್ಯಾಮೆರಾ) ಹಾಕಿಯೇ ನೋಡಬೇಕು. ಕೆಮ್ಮಿದ ದಿನಾಂಕ ಬರೆದಿಟ್ಟುಕೊಂಡು ಕ್ಲಿನಿಕ್‌ಗೆ ವಾಟ್ಸಾಪ್ ಮಾಡು, ಅಷ್ಟು ಸಾಕು. ಕೆಮ್ಮು ನಿಲ್ಲದೇ ಇದ್ದರೆ ಮಾತ್ರ ಹದಿನಾಲ್ಕನೇ ದಿನದವರೆಗೆ ಕಾಯದೆ ಹೋಗು, ಕೆಮ್ಮಿಗೆ ಔಷಧಿ ಬರೆಸಿಕೊ. ಬಿಪಿಗೆ ಎನಾಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆ ತಗೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೆಲವರಿಗೆ ಅವೇ ಒಣಕೆಮ್ಮು ತರಿಸುತ್ತವೆ. ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.

ಕೆಮ್ಮು ಬಂದೇ ಬರುತ್ತದೆ ಅನ್ನಿಸಿದಾಗ ಮೂಗಿನಿಂದ ಚುಟುಕಾಗಿ ಉಸಿರೆಳೆದು, ಗದ್ದ ಎದೆ ಕಡೆ ಇಳಿಸಿ, ಒಂದು ಗುಟುಕು ನೀರು ಗಟ್ಟಿಯಾಗಿ ನುಂಗು. ಆಗಲೂ ನಿಲ್ಲದಿದ್ದರೆ ಬಾಯಿ ತೆರೆದು ಸದ್ದಿಲ್ಲದೆ "ಹಹ್" ಅಂತ ಬರೀ ಗಾಳಿ ಹೊರಗೆ ತಳ್ಳು. ಸೀನು ಬಂದರೆ ಮೂಗು ಹಿಡಿದು ತಡೆಯಬೇಡ, ಬಾಯಿ ತೆರೆದು ದನಿಯಿಲ್ಲದೆ ಬಿಟ್ಟುಬಿಡು. ಗಂಟಲಲ್ಲಿ ಏನೋ ಅಂಟಿಕೊಂಡಂತಿದ್ದರೆ ಕ್ಯಾಕರಿಸಬೇಡ, ನುಂಗು. ಅಲ್ಲಿರುವುದು ಹೆಚ್ಚಿನಂಶ ಕಫವಲ್ಲ, ಊತ. ಕ್ಯಾಕರಿಸಿದಷ್ಟೂ ಊತ ಹೆಚ್ಚುತ್ತದೆ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ: ಭಾರ. ಮುಕ್ಕಿ ಭಾರ ಎತ್ತುವಾಗ ಧ್ವನಿತಂತುಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಳ್ಳುತ್ತವೆ, ಬಾಯಿಂದ ದನಿ ಬರದಿದ್ದರೂ ಸರಿ. ಆದ್ದರಿಂದ ಇಪ್ಪತ್ತು ಲೀಟರ್ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್, ತುಂಬಿದ ಬಕೆಟ್ ಮುಟ್ಟಬೇಡ. ಕ್ಯಾನ್ ಹುಡುಗನಿಗೇ ಒಳಗೆ ತಂದು ಡಿಸ್ಪೆನ್ಸರ್ ಮೇಲಿಡಲು ಹೇಳು, ಅಂದರೆ ಬರೆದು ತೋರಿಸು. ಮಲಬದ್ಧತೆಯೂ ಅದೇ ಲೆಕ್ಕ. ಟ್ರಮಡಾಲ್ ಥರದ ನೋವಿನ ಮಾತ್ರೆ ಕೊಟ್ಟಿದ್ದರೆ ಹೊಟ್ಟೆ ಕಟ್ಟುತ್ತದೆ. ಪಪ್ಪಾಯ, ಸೊಪ್ಪು, ರಾತ್ರಿ ಒಂದು ಚಮಚ ಇಸಬ್ಗೋಲ್ ದೊಡ್ಡ ಲೋಟ ನೀರಿನಲ್ಲಿ. ನೋವು ತಡೆಯಬಹುದಾದಷ್ಟಿದ್ದರೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ; ಆಸ್ಪಿರಿನ್, ಐಬುಪ್ರೊಫೆನ್ ಮಾತ್ರ ಸರ್ಜನ್‌ನ ಕೇಳದೆ ನುಂಗಬೇಡ, ರಕ್ತ ಒಸರಬಹುದು.

ಮೌನ ಅಂದರೆ ಪಿಸುಮಾತೂ ಇಲ್ಲ. ಪಿಸುಗುಟ್ಟುವಾಗ ಬಹಳ ಮಂದಿ ಗಂಟಲನ್ನು ಹಿಂಡಿಕೊಳ್ಳುತ್ತಾರೆ, ಮೆತ್ತಗೆ ಮಾತಾಡುವುದಕ್ಕಿಂತ ಅದೇ ಹೆಚ್ಚು ಶ್ರಮ. "ಹ್ಞೂಂ", "ಉಹೂಂ" ಕೂಡ ದನಿಯೇ, ಇದು ಯಾರಿಗೂ ನೆನಪಿರುವುದಿಲ್ಲ. ಹಾಡು ಕೇಳುತ್ತಾ ಗುನುಗುವುದೂ ಬೇಡ. "ಗಂಟಲು ಆಪರೇಷನ್ ಆಗಿದೆ, ಮಾತಾಡುವಂತಿಲ್ಲ" ಅಂತ ಒಂದು ಕಾರ್ಡ್ ಮಾಡಿ ಮೊಬೈಲ್ ಕವರಿನ ಹಿಂದೆ ಇಟ್ಟುಕೊ. ಬಿಎಂಟಿಸಿ ಕಂಡಕ್ಟರ್, ಮೆಡಿಕಲ್ ಸ್ಟೋರ್, ಆಟೋದವರು, ಎಲ್ಲರಿಗೂ ಅದು ಸಾಕು. ಕ್ಯಾಬ್ ಡ್ರೈವರ್ ಫೋನ್ ಮಾಡುವ ಮೊದಲೇ ಆ್ಯಪ್‌ನಲ್ಲಿ ಗುರುತು ಬರೆದು ಕಳಿಸು. ಬರೆದದ್ದನ್ನು ಕನ್ನಡದಲ್ಲೇ ಓದಿ ಹೇಳುವ ಸೌಲಭ್ಯ ಆಂಡ್ರಾಯ್ಡ್ ಫೋನಲ್ಲಿ ಇದೆ, ಸೆಟಿಂಗ್ಸ್‌ನಲ್ಲಿ ಟೆಕ್ಸ್ಟ್ ಟು ಸ್ಪೀಚ್ ಹುಡುಕು.

ಈಗ ಅಮ್ಮನ ಕಷಾಯ. ಅವರ ಪ್ರೀತಿ ದೊಡ್ಡದು, ಮೆಣಸು, ಶುಂಠಿ ಮಾತ್ರ ಬೇಡ. ನುಂಗಿದ್ದು ಧ್ವನಿತಂತುವಿನ ಮೇಲೆ ಹೋಗುವುದಿಲ್ಲ, ಹೋದರೆ ಕೆಮ್ಮಿ ಸಾಯಬೇಕಾದೀತು. ಹಾಗಾಗಿ ಕಷಾಯದಿಂದ ಹೊಲಿಗೆಗೆ ನೇರ ಲಾಭವಿಲ್ಲ, ಖಾರಕ್ಕೆ ಕೆಮ್ಮು ಮತ್ತು ಎದೆಯುರಿ ಮಾತ್ರ ಗ್ಯಾರಂಟಿ. ಉಪ್ಪುನೀರು ಮುಕ್ಕಳಿಸುವುದೂ ಹಾಗೇ, ನೀರು ಅಲ್ಲಿಗೆ ತಲುಪುವುದೇ ಇಲ್ಲ, ಗಳಗಳ ಅನ್ನಿಸುವಾಗ ಗಂಟಲು ಸುಮ್ಮನೆ ಅದುರುತ್ತದೆ. ಬಿಟ್ಟುಬಿಡು. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಜೇನು ಹಾಕಿ ಕೊಡಿ ಅಂತ ಬರೆದು ತೋರಿಸಿದರೆ ಅಮ್ಮನಿಗೂ ಏನೋ ಮಾಡಿದ ಸಮಾಧಾನ.

ತಂತುಗಳಿಗೆ ನೇರವಾಗಿ ತಲುಪುವುದು ಹಬೆ ಒಂದೇ. ದಿನಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ, ಬರೀ ನೀರಿನ ಹಬೆ. ವಿಕ್ಸ್, ಅಮೃತಾಂಜನ, ನೀಲಗಿರಿ ಎಣ್ಣೆ ಯಾವುದೂ ಬೇಡ, ಅವು ಒಣಗಿಸಿ ಉರಿ ಎಬ್ಬಿಸುತ್ತವೆ. ಕುದಿಯುವ ಪಾತ್ರೆಯನ್ನು ತೊಡೆ ಮೇಲೆ ಇಟ್ಟುಕೊಂಡು ಸುಟ್ಟುಕೊಳ್ಳುವವರು ಬಹಳ, ಸ್ಟೀಮರ್ ತಗೊ. ದಿನಕ್ಕೆ ಎರಡು, ಎರಡೂವರೆ ಲೀಟರ್ ನೀರು, ಗುಟುಕು ಗುಟುಕಾಗಿ. ಎಳನೀರು ಒಳ್ಳೆಯದೇ, ಆದರೆ ಗಂಡು ಹಾರ್ಮೋನ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುತ್ತಿದ್ದರೆ ಎರಡು ಮೂರು ಎಳನೀರು ದಿನಾ ಕುಡಿಯಬೇಡ. ಆ ಮಾತ್ರೆ ದೇಹದಲ್ಲಿ ಪೊಟ್ಯಾಶಿಯಂ ಉಳಿಸುತ್ತದೆ, ಎಳನೀರಲ್ಲಿ ಪೊಟ್ಯಾಶಿಯಂ ಜಾಸ್ತಿ, ಎರಡೂ ಸೇರಿದರೆ ಹೃದಯದ ಬಡಿತಕ್ಕೆ ತೊಂದರೆ. ಆಪರೇಷನ್‌ಗೋಸ್ಕರ ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ನಿಲ್ಲಿಸಿದ್ದರೆ ಯಾವತ್ತು ಶುರು ಮಾಡಬೇಕು ಅಂತ ಹೇಳಿರುತ್ತಾರೆ, ನೀನಾಗಿ ಮುಂಚೆ ಶುರು ಮಾಡಬೇಡ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಎದೆ ಹಿಡಿದರೆ, ರಕ್ತ ಹೆಪ್ಪುಗಟ್ಟಿರಬಹುದು, ಅದೂ ಎಮರ್ಜೆನ್ಸಿಯೇ.

ಹುಳಿತೇಗಿನ ಕಾಟವನ್ನು ಕಡೆಗಣಿಸಬೇಡ. ಮಲಗಿದಾಗ ಹೊಟ್ಟೆಯ ಆಮ್ಲ ಗಂಟಲವರೆಗೆ ಬಂದು ಹಸಿ ಗಾಯದ ಮೇಲೆ ಬೀಳುತ್ತದೆ, ಅಲ್ಲಿ ಗ್ರಾನ್ಯುಲೋಮಾ ಅನ್ನುವ ಮಾಂಸದ ಗಂಟು ಬೆಳೆಯಲು ಇದೂ ಒಂದು ಕಾರಣ. ಎದೆಯುರಿಯೇ ಇಲ್ಲದೆ ಇದು ನಡೆಯಬಹುದು. ಪ್ಯಾಂಟೊಪ್ರಜೋಲ್ ಕೊಟ್ಟಿದ್ದರೆ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ. ತಿಂದ ಮೇಲೆ ನುಂಗಿದರೆ ಅಷ್ಟು ಚೆನ್ನಾಗಿ ಕೆಲಸ ಮಾಡದೆ ಇರಬಹುದು. ರಾತ್ರಿ ಊಟ ಮಲಗುವ ಮೂರು ಗಂಟೆ ಮುಂಚೆ. ಎರಡು ದಿಂಬು ಇಟ್ಟರೆ ಹೊಟ್ಟೆ ಮಡಚಿ ಇನ್ನೂ ಒತ್ತಡ. ಅದರ ಬದಲು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಇಂಚು ಏರುವ ಹಾಗೆ ಇಟ್ಟಿಗೆ ಇಡು. ಇಡ್ಲಿ, ರಾಗಿ ಗಂಜಿ, ಮೆಣಸಿಲ್ಲದ ಪೊಂಗಲ್, ಮೊಸರನ್ನ ನಡೆಯುತ್ತದೆ. ಗೋಬಿ ಮಂಚೂರಿ, ಬಜ್ಜಿ, ಉಪ್ಪಿನಕಾಯಿ ಒಂದು ತಿಂಗಳು ಬೇಡ. ಕಾಫಿ ಬಿಡಲಾಗದಿದ್ದರೆ ಬೈಟು ಅಷ್ಟೇ, ಅದೂ ಬೆಳಗ್ಗೆ ತಿಂಡಿ ಆದ ಮೇಲೆ.

ಗಾಳಿ ಬಗ್ಗೆ: ಪಕ್ಕದ ಸೈಟ್ ಕಡೆಯ ಕಿಟಕಿ ಮುಚ್ಚಿ ಒದ್ದೆ ಬಟ್ಟೆ ಕಟ್ಟು, ಹೊರಗೆ ಹೋದರೆ ಎನ್95. ಒಣಮೆಣಸಿನಕಾಯಿ ಒಗ್ಗರಣೆ ಬೀಳುವ ಹೊತ್ತಿಗೆ ಅಡುಗೆಮನೆಯಿಂದ ಎದ್ದು ಬಾ. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಕಾಯಿಲ್ ಸದ್ಯಕ್ಕೆ ಆರಿಸಿಡಲಿ. ಸಿಗರೇಟ್ ಬಗ್ಗೆ ಹೇಳುವುದೇನಿದೆ.

ನಾಲಿಗೆಯ ಜೋಮು ಹೊಲಿಗೆಯಿಂದ ಬಂದದ್ದಲ್ಲ. ಆಪರೇಷನ್ ಉದ್ದಕ್ಕೂ ಲೋಹದ ಲ್ಯಾರಿಂಗೊಸ್ಕೋಪ್ (ಧ್ವನಿತಂತು ಕಾಣುವಂತೆ ಬಾಯಿಯ ಮೂಲಕ ಇಡುವ ಕೊಳವೆ) ನಾಲಿಗೆಯನ್ನು ಒತ್ತಿ ಹಿಡಿದಿರುತ್ತದೆ, ನರಕ್ಕೆ ಒತ್ತು ಬಿದ್ದಿರುತ್ತದೆ. ರುಚಿ ತಪ್ಪುವುದು, ಕಬ್ಬಿಣದ ರುಚಿ ಬರುವುದು ಅದರ ಜೊತೆಗೇ. ಬಹುತೇಕರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಬಿಸಿ ಪದಾರ್ಥವನ್ನು ಬಲಗಡೆ ಇಟ್ಟು ನೋಡಿ ತಿನ್ನು. ನಾಲಿಗೆ ಹೊರಚಾಚಿದಾಗ ಒಂದು ಕಡೆ ವಾಲಿದರೆ ಮಾತ್ರ ಡಾಕ್ಟರಿಗೆ ತೋರಿಸು.

ಗುಂಪಲ್ಲಿ ಒಬ್ಬರು "ನಾನು ಮೂರೇ ದಿನಕ್ಕೆ ಮಾತಾಡಿದೆ" ಅಂದಿದ್ದಾರೆ. ಅವರ ಕತ್ತಿನ ಮೇಲೆ ಗಾಯದ ಗುರುತಿದೆ ಅಂದರೆ ಅದು ಬೇರೆ ಆಪರೇಷನ್. ಜಪಾನಿನ ಡಾಕ್ಟರ್ ಇಸ್ಶಿಕಿ 1974ರಲ್ಲಿ ವಿವರಿಸಿದ ಥೈರೊಪ್ಲಾಸ್ಟಿಯ ನಾಲ್ಕನೇ ಬಗೆ, ಹೊರಗಿನಿಂದ ಧ್ವನಿಪೆಟ್ಟಿಗೆಯ ಎರಡು ಮೃದ್ವಸ್ಥಿಗಳನ್ನು (ಮೆದು ಮೂಳೆಗಳನ್ನು) ಹತ್ತಿರ ಎಳೆದು ತಂತುವನ್ನು ಬಿಗಿ ಮಾಡುವುದು. ಅಲ್ಲಿ ತಂತುವಿನ ಮೇಲೆ ಗಾಯವೇ ಇಲ್ಲ. ಅವರ ವೇಳಾಪಟ್ಟಿ ನಿನಗಲ್ಲ. ನಿನ್ನ ಸರ್ಜನ್ ಬರೆದ ಚೀಟಿಗಿಂತ ನಾನು ಬರೆದದ್ದೂ ದೊಡ್ಡದಲ್ಲ, ಎರಡಕ್ಕೂ ತಾಳೆಯಾಗದಿದ್ದರೆ ಚೀಟಿಯನ್ನೇ ನಂಬು.

ಹದಿನಾಲ್ಕನೇ ದಿನ ಸ್ಕೋಪ್ ನೋಡಿ ಅನುಮತಿ ಕೊಟ್ಟರೆ, ಮಾತು ಒಮ್ಮೆಲೇ ಬಿಚ್ಚಬೇಡ. ಮೊದಲ ದಿನ ಎಲ್ಲ ಸೇರಿ ಐದು ಹತ್ತು ನಿಮಿಷ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ. ಕೇಳುವವರು ಕೈಯಳತೆ ದೂರದಲ್ಲಿರಲಿ. ಆಟೋದಲ್ಲಿ, ಮೆಟ್ರೋದಲ್ಲಿ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮಾತೇ ಬೇಡ. ಸುತ್ತ ಗದ್ದಲ ಇದ್ದರೆ ನಮಗೆ ಗೊತ್ತಿಲ್ಲದೆಯೇ ದನಿ ಏರುತ್ತದೆ, ಬೇಕೆಂದರೂ ತಡೆಯುವುದು ಕಷ್ಟ. ಇನ್ನೊಂದು, ಕನ್ನಡದವರಿಗೇ ಹೇಳುವ ಮಾತು: "ಅಕ್ಕ", "ಆಟೋ" ಥರ ಸ್ವರದಿಂದ ಶುರುವಾಗುವ ಪದಗಳಲ್ಲಿ ತಂತುಗಳು ಟಪ್ ಅಂತ ಬಡಿದುಕೊಳ್ಳುತ್ತವೆ. ಮೊದಲ ದಿನಗಳ ಅಭ್ಯಾಸಕ್ಕೆ "ಹೂವು", "ಹಾಲು", "ಮನೆ", "ನಾನು" ಥರದವು ಮೆತ್ತಗೆ. "ಎಲ್ಲಿ" ಅನ್ನುವುದನ್ನು ಮನೆಮಾತಿನಂತೆ "ಯೆಲ್ಲಿ" ಅಂದರೂ ಬಡಿತ ಕಮ್ಮಿ. ವಾಕ್ಯದ ಕೊನೆಯ "ಇದೆ", "ಬೇಕು"ಗಳಲ್ಲಿ ದನಿಯನ್ನು ಕೆಳಗೆ ಬಿಟ್ಟು ಗೊರ ಅನ್ನಿಸುವ ಚಾಳಿ ಇದ್ದರೆ ಅದನ್ನೂ ಗಮನಿಸು. ಸ್ಟ್ರಾ ಹಾಕಿ ನೀರಲ್ಲಿ "ಊ" ಅನ್ನುವ ವ್ಯಾಯಾಮ ಬಹಳ ಒಳ್ಳೆಯದು, ಆದರೆ ವಾಯ್ಸ್ ಥೆರಪಿಸ್ಟ್ (ದನಿಯ ಅಭ್ಯಾಸ ಮಾಡಿಸುವವರು) ಹೇಳಿದ ಮೇಲೆ.

ಥೆರಪಿಸ್ಟ್ ಅಪಾಯಿಂಟ್‌ಮೆಂಟ್ ಈಗಲೇ ತಗೊ. ಆಪರೇಷನ್ ಏರಿಸುವುದು ಶ್ರುತಿಯನ್ನು ಮಾತ್ರ. ದನಿಯ ಬಣ್ಣ, ಮಾತಿನ ಏರಿಳಿತ ಅಭ್ಯಾಸದಿಂದಲೇ ಬರಬೇಕು. ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗ ಇದೆ, ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕೆಲಸದ ಬಗ್ಗೆ: ಚಾಟ್, ಇಮೇಲ್ ಪ್ರೊಸೆಸ್‌ಗೆ ಹಾಕಿಸಿಕೊಂಡರೆ ಎರಡು ಮೂರು ವಾರಕ್ಕೆ ಹೋಗಬಹುದು. ದಿನವಿಡೀ ಕಾಲ್ ತಗೊಳ್ಳುವುದು ಎರಡು ತಿಂಗಳ ಮುಂಚೆ ಬೇಡ. ದನಿಯ ಜೋರು ಮೊದಲಿಗಿಂತ ಕಮ್ಮಿಯೇ ಉಳಿಯಬಹುದು, ಮೈಕ್ ಬಾಯಿಗೆ ಹತ್ತಿರ ಇರುವ ಹೆಡ್‌ಸೆಟ್ ಕೇಳು. ಸರ್ಟಿಫಿಕೇಟಿನಲ್ಲಿ "ಧ್ವನಿಪೆಟ್ಟಿಗೆ ಶಸ್ತ್ರಚಿಕಿತ್ಸೆ, ಮಾತಿಗೆ ವಿಶ್ರಾಂತಿ" ಅಂತಿದ್ದರೆ ಸಾಕು. ಯಾತಕ್ಕೆ ಅಂತ ಎಚ್‌ಆರ್‌ಗೆ ವಿವರಿಸುವ ಅಗತ್ಯವಿಲ್ಲ.

ಆಧಾರ್ ಜೊತೆ ಇನ್ನೊಂದು ಚೀಟಿ ಜೀವನಪೂರ್ತಿ ಇಟ್ಟುಕೊ: "ಗ್ಲಾಟೊಪ್ಲಾಸ್ಟಿ ಆಗಿದೆ, ಉಸಿರಿನ ದಾರಿ ಮುಂಭಾಗದಲ್ಲಿ ಕಿರಿದು, ಅರಿವಳಿಕೆ ಕೊಡುವಾಗ ಚಿಕ್ಕ ಟ್ಯೂಬ್ ಬಳಸಿ" ಅಂತ, ಆಪರೇಷನ್ ದಿನಾಂಕದ ಸಮೇತ. ಮುಂದೆ ಅಪೆಂಡಿಕ್ಸ್ ಆಪರೇಷನ್‌ಗೆ ಹೋದಾಗ ಯಾರೋ ಮಾಮೂಲು ಅಳತೆಯ ಟ್ಯೂಬ್ ತುರುಕಿದರೆ ಸೇರಿದ ಭಾಗವೇ ಹರಿಯಬಹುದು.

ಹದಿನಾಲ್ಕನೇ ದಿನ ಹೋದಾಗ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗು. ಹೊಲಿಗೆ ಇದ್ದ ಜಾಗದಲ್ಲೇ ಇದೆಯಾ? ಎರಡೂ ಕಡೆ ಸಮವಾಗಿ ಕೂಡಿದೆಯಾ? ಗ್ರಾನ್ಯುಲೋಮಾ ಕಾಣುತ್ತಿದೆಯಾ? ದಿನಕ್ಕೆ ಎಷ್ಟು ನಿಮಿಷ ಮಾತಾಡಲಿ? ಸ್ಕೋಪ್ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊ, ಮೂರು ತಿಂಗಳ ಸ್ಕೋಪ್ ಜೊತೆ ಹೋಲಿಸಲು ಬೇಕಾಗುತ್ತದೆ.